ಪದ್ಯ ಮೊದಲು ಕಿವಿಗೆ, ಆಮೇಲೆ ಪರದೆಗೆ: ಹೈಸ್ಕೂಲ್ ಕನ್ನಡ ತರಗತಿಗೆ ಸ್ಲೈಡ್ ಮಾಡುವ ಕ್ರಮ

ಹೈಸ್ಕೂಲಿನ ಕನ್ನಡ ಮೇಷ್ಟ್ರುಗಳು, ಮೇಡಂಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಮೂರು. ಒಂದು ಪದ್ಯಕ್ಕೆ ಎಷ್ಟು ಸ್ಲೈಡ್ ಬೇಕು? ಮನೆಯಲ್ಲಿ ಸರಿ ಇದ್ದ ಅಕ್ಷರ ಶಾಲೆಯ ಕಂಪ್ಯೂಟರಿನಲ್ಲಿ ಯಾಕೆ ಚೆಲ್ಲಾಪಿಲ್ಲಿಯಾಗುತ್ತದೆ? ರಾತ್ರಿಯೆಲ್ಲ ಕೂತು ಮಾಡಿದ ಪಿಪಿಟಿಯನ್ನು ಹಿಂದಿನ ಬೆಂಚಿನ ಮಕ್ಕಳು ಯಾಕೆ ನೋಡುವುದೇ ಇಲ್ಲ? ಮೂರಕ್ಕೂ ಉತ್ತರ ಕೆಳಗಿನ ಹಂತಗಳಲ್ಲಿದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಶಾಲೆಗಳನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದರಿಂದ ಮಳೆ, ಕರೆಂಟು, ಸಿಗ್ನಲ್ಲಿನ ಮಾತೂ ನಡುನಡುವೆ ಬರುತ್ತದೆ.

ಮೊದಲೇ ಒಂದು ಮಾತು. ವಿಜ್ಞಾನದ ಪಾಠಕ್ಕೆ ಹೊಂದುವ ಸ್ಲೈಡಿನ ಪದ್ಧತಿ ಪದ್ಯಕ್ಕೆ ಹೊಂದುವುದಿಲ್ಲ. ಅಲ್ಲಿ ಪರದೆಯ ಮೇಲೆ ಇರುವುದು ವಿಷಯದ ಚಿತ್ರ. ಇಲ್ಲಿ ಪರದೆಯ ಮೇಲಿನ ಮಾತೇ ವಿಷಯ. ಸಾರಾಂಶವನ್ನು ಮೊದಲು ತೋರಿಸಿಬಿಟ್ಟರೆ ಮಕ್ಕಳು ಅದನ್ನು ಬರೆದುಕೊಳ್ಳುತ್ತಾರೆ, ಪದ್ಯವನ್ನು ಓದುವುದೇ ಇಲ್ಲ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ಕೇಳುವುದು, ಆಮೇಲೆ ನೋಡುವುದು, ಕೊನೆಗೆ ಅರ್ಥ.

ಬೇಕಾಗುವ ಸಾಮಾನು

ಲ್ಯಾಪ್‌ಟಾಪ್ ಅಥವಾ ಕಂಪ್ಯೂಟರ್, ಪವರ್‌ಪಾಯಿಂಟ್ ಅಥವಾ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಇಂಪ್ರೆಸ್, ಎರಡು ಪೆನ್‌ಡ್ರೈವ್, ಅಳತೆ ಟೇಪು, ಪೆನ್ಸಿಲ್, ನಾಲ್ಕು ಹಾಳೆ. ಧ್ವನಿ ಕೇಳಿಸುವುದಿದ್ದರೆ ಒಂದು ಸ್ಪೀಕರ್. ಇಂಟರ್ನೆಟ್ ಬೇಕಾಗದ ಹಾಗೆಯೇ ಎಲ್ಲವನ್ನೂ ತಯಾರಿಸಿ. ಪಾಠದ ನಡುವೆ ವಿಡಿಯೋ ಸುತ್ತುತ್ತಾ ನಿಂತರೆ ಆ ಪೀರಿಯಡ್ ಮುಗಿದ ಹಾಗೆ.

1. ಕೋಣೆಯನ್ನು ಅಳೆಯಿರಿ

ಫಾಂಟಿನ ಗಾತ್ರವನ್ನು ಮನೆಯಲ್ಲಿ ಕೂತು ನಿರ್ಧರಿಸಬೇಡಿ. ಪ್ರೊಜೆಕ್ಟರ್ ಹಾಕಿ, ಗೋಡೆಯ ಮೇಲೆ ಬೀಳುವ ಚಿತ್ರದ ಎತ್ತರವನ್ನೂ ಅಲ್ಲಿಂದ ಕೊನೆಯ ಬೆಂಚಿಗೆ ಇರುವ ದೂರವನ್ನೂ ಟೇಪು ಹಿಡಿದು ಅಳೆಯಿರಿ. ಚಿತ್ರ 4 ಅಡಿ ಎತ್ತರ, ಕೊನೆಯ ಬೆಂಚು 24 ಅಡಿ ದೂರ ಇದ್ದರೆ, ದೂರ ಎತ್ತರದ ಆರು ಪಟ್ಟು ಆಯಿತು. ಈ ಲೆಕ್ಕ ಸಿಕ್ಕರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. 15.6 ಇಂಚಿನ ಲ್ಯಾಪ್‌ಟಾಪ್ ಪರದೆಯ ಎತ್ತರ ಸುಮಾರು 7.6 ಇಂಚು, ಅದರ ಆರು ಪಟ್ಟು ಎಂದರೆ ನಾಲ್ಕಡಿಗೆ ಸ್ವಲ್ಪ ಕಡಿಮೆ. ಸ್ಲೈಡನ್ನು ಪೂರ್ತಿ ಪರದೆಗೆ ಹಾಕಿ, ನಾಲ್ಕಡಿ ಹಿಂದೆ ನಿಂತು ಓದಿ. ಕೊನೆಯ ಬೆಂಚಿನ ಹುಡುಗನಿಗೆ ಕಾಣುವುದು ಅಷ್ಟೇ. ಒತ್ತಕ್ಷರ ಗುರುತಿಸಲು ಕಣ್ಣು ಕಿರಿದು ಮಾಡಬೇಕಾದರೆ ಅಕ್ಷರ ಸಣ್ಣದಾಯಿತು ಎಂದೇ ಅರ್ಥ.

ಸ್ಮಾರ್ಟ್ ಕ್ಲಾಸಿನಲ್ಲಿ 65 ಇಂಚಿನ ಟಿವಿ ಇದ್ದರೆ ಎಚ್ಚರ. ನೋಡಲು ದೊಡ್ಡದು, ಆದರೆ ಎತ್ತರ ಸುಮಾರು 32 ಇಂಚು ಮಾತ್ರ. ಆರು ಪಟ್ಟಿನ ಲೆಕ್ಕದಲ್ಲಿ ಅದು 16 ಅಡಿಯವರೆಗೆ ಸಾಕು. 24 ಅಡಿಯಲ್ಲಿ ಕೂತವರಿಗೂ ಕಾಣಬೇಕಾದರೆ ಅಕ್ಷರವನ್ನು ಒಂದೂವರೆ ಪಟ್ಟು ಮಾಡಬೇಕು, ಇಲ್ಲವೇ ಬೆಂಚು ಮುಂದೆ ಎಳೆಯಬೇಕು.

ಸ್ಲೈಡಿನ ಆಕಾರವನ್ನೂ ಈಗಲೇ ನೋಡಿಕೊಳ್ಳಿ. ಹಳೆಯ ಪ್ರೊಜೆಕ್ಟರುಗಳದು 4:3 ಚೌಕಟ್ಟು, ಹೊಸ ಪವರ್‌ಪಾಯಿಂಟ್ ಶುರುವಾಗುವುದು 16:9ರಲ್ಲಿ. ಹೊಂದಿಸದೆ ಹೋದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಚಿತ್ರದ ಎತ್ತರದ ಕಾಲು ಭಾಗ ವ್ಯರ್ಥವಾಗುತ್ತದೆ. ಎಲ್ಲ ಮಾಡಿ ಮುಗಿದ ಮೇಲೆ ಆಕಾರ ಬದಲಿಸಿದರೆ ಪದ್ಯದ ಸಾಲುಗಳು ಎಲ್ಲೆಲ್ಲೋ ಮುರಿಯುತ್ತವೆ. ಆದ್ದರಿಂದ ಮೊದಲ ಸ್ಲೈಡಿಗೂ ಮುಂಚೆ ಇದನ್ನು ಸರಿಮಾಡಿ.

2. ಕಾಗದದ ಮೇಲೆ ಪಾಠ ಕಟ್ಟಿ

ಕಂಪ್ಯೂಟರ್ ಮುಚ್ಚಿಡಿ. ಹಾಳೆಯ ಮೇಲೆ ಒಂದೇ ಒಂದು ಪ್ರಶ್ನೆ ಬರೆಯಿರಿ: ಈ ಪೀರಿಯಡ್ ಮುಗಿದಾಗ ಮಕ್ಕಳು ಪದ್ಯದ ಬಗ್ಗೆ ತಮ್ಮ ಮಾತಿನಲ್ಲಿ ಏನನ್ನು ಹೇಳಬೇಕು? "ಪದ್ಯದ ಆಶಯ ತಿಳಿಯುವುದು" ಎಂಬ ಉತ್ತರ ಸಾಲದು. "ಮೂರನೆಯ ಸಾಲಿನಲ್ಲಿ ಹೊಳೆಯನ್ನು ಮನುಷ್ಯನ ಹಾಗೆ ಯಾಕೆ ಮಾತಾಡಿಸಿದ್ದಾರೆ" ಎನ್ನುವಷ್ಟು ಖಚಿತವಾಗಿರಲಿ. ಆ ಪ್ರಶ್ನೆಗೆ ದಾರಿ ಮಾಡದ ಸ್ಲೈಡ್ ಬೇಡ.

40 ನಿಮಿಷದ ಪೀರಿಯಡ್ಡಿಗೆ ಎಂಟು ಹೆಜ್ಜೆ, ಅಂದರೆ ಎಂಟು ಮುಖ್ಯ ಸ್ಲೈಡ್, ಸಾಕು. ಸಮಯ ಸುಮಾರಾಗಿ ಹೀಗೆ ಹಂಚಿಕೊಳ್ಳಿ: ಕೇಳಲು 5 ನಿಮಿಷ, ಪರದೆ ನೋಡಿ ಓದಲು 5, ಪದಗಳಿಗೆ 8, ಛಂದಸ್ಸು ಅಥವಾ ಅಲಂಕಾರಕ್ಕೆ 8, ಮಾತುಕತೆಗೆ 10, ಬರೆದುಕೊಳ್ಳಲು 4. ಮಾತುಕತೆಯ ಹತ್ತು ನಿಮಿಷವನ್ನು ಯಾವುದಕ್ಕೂ ಬಿಟ್ಟುಕೊಡಬೇಡಿ. 30 ಸ್ಲೈಡ್ ಮಾಡಿಕೊಂಡು ಹೋದವರು ಕಳೆದುಕೊಳ್ಳುವುದು ಇದನ್ನೇ.

ಕವಿ ಪರಿಚಯಕ್ಕೆ ಒಂದೇ ಸ್ಲೈಡ್, ಅದೂ ಪದ್ಯ ಓದಿದ ಮೇಲೆ. ಪ್ರಶಸ್ತಿಗಳ ಪಟ್ಟಿ ಪಠ್ಯಪುಸ್ತಕದಲ್ಲೇ ಇದೆ. ಊರನ್ನು ಗುರುತಿಸಿದ ಒಂದು ನಕ್ಷೆ, ಒಂದು ಇಸವಿ ಇದ್ದರೆ ಸಾಕು. ಆದರೆ ಇದ್ದದ್ದು ಸರಿ ಇರಲಿ: ಕುವೆಂಪು ಹುಟ್ಟಿದ್ದು ಕುಪ್ಪಳಿಯಲ್ಲಿ ಎಂದು ಬರೆದ ಸ್ಲೈಡುಗಳು ತುಂಬಾ ಓಡಾಡುತ್ತಿವೆ. ಅವರು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ವಚನಗಳ ಪಾಠವಾದರೆ ಶಿಕಾರಿಪುರ ತಾಲ್ಲೂಕಿನ ನಕ್ಷೆ ಹಾಕಿ. ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುವಿನ ಬಳ್ಳಿಗಾವಿ ಎರಡೂ ಅಲ್ಲೇ ಇವೆ. ಹನ್ನೆರಡನೆಯ ಶತಮಾನ ನಮ್ಮ ಬಸ್ಸು ಹೋಗುವ ದಾರಿಯಲ್ಲೇ ಇದೆ ಎಂದು ತಿಳಿದಾಗ ಮಕ್ಕಳು ಕೇಳುವ ಪ್ರಶ್ನೆಗಳೇ ಬೇರೆ.

3. ಅಕ್ಷರ ಕೆಡದ ಹಾಗೆ ಟೈಪ್ ಮಾಡಿ

ಮನೆಯಲ್ಲಿ ಕನ್ನಡವಾಗಿದ್ದದ್ದು ಶಾಲೆಯಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಂಡರೆ ಕಾರಣ ಒಂದೇ: ಅದು ಯೂನಿಕೋಡ್ ಅಲ್ಲ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕಂಪ್ಯೂಟರಿನೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಫಾಂಟು ಅದಕ್ಕೆ ಕನ್ನಡದ ರೂಪ ತೊಡಿಸುತ್ತದೆ. ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ. ಯೂನಿಕೋಡ್ ಎಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಲೋಕವೆಲ್ಲ ಒಪ್ಪಿದ ಅದರದೇ ಸಂಕೇತ. ಫಾಂಟು ಬದಲಾದರೂ ಅಕ್ಷರ ಕನ್ನಡವಾಗಿಯೇ ಉಳಿಯುತ್ತದೆ. ನುಡಿ ತಂತ್ರಾಂಶದಲ್ಲೇ ಯೂನಿಕೋಡ್ ಆಯ್ಕೆ ಇದೆ, ಕೀಲಿಮಣೆಯ ಅಭ್ಯಾಸ ಬಿಡಬೇಕಾಗಿಲ್ಲ. ಹಳೆಯ ಕಡತಗಳನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಬಹುದು. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಮಾತ್ರ ಒಂದೊಂದಾಗಿ ಓದಿ ನೋಡಲೇಬೇಕು.

ವಿಂಡೋಸಿನಲ್ಲಿ ಮೊದಲೇ ಇರುವ ನಿರ್ಮಲಾ ಯುಐ, ಉಚಿತವಾಗಿ ಸಿಗುವ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಈ ಮೂರರಲ್ಲಿ ಒಂದನ್ನು ಆರಿಸಿ ಕೊನೆಯವರೆಗೂ ಅದನ್ನೇ ಬಳಸಿ. ಬೇರೆ ಫಾಂಟು ಬೇಕೇ ಬೇಕೆಂದರೆ ಪವರ್‌ಪಾಯಿಂಟಿನ ಫೈಲ್, ಆಪ್ಷನ್ಸ್, ಸೇವ್ ಎಂಬಲ್ಲಿಗೆ ಹೋಗಿ ಫಾಂಟನ್ನು ಕಡತದೊಳಗೇ ಸೇರಿಸುವ ಎಂಬೆಡ್ ಆಯ್ಕೆಗೆ ಟಿಕ್ ಹಾಕಿ. ಇಂಪ್ರೆಸ್ಸಿನಲ್ಲಿ ಕನ್ನಡಕ್ಕೆ ಅನ್ವಯಿಸುವುದು ಸಿಟಿಎಲ್ ಎಂಬ ವಿಭಾಗದ ಫಾಂಟು. ಇಂಗ್ಲಿಷಿನ ಫಾಂಟ್ ಬದಲಿಸಿ "ಏನೂ ಆಗುತ್ತಿಲ್ಲ" ಎಂದು ತಲೆ ಕೆಡಿಸಿಕೊಳ್ಳುವವರು ಅಲ್ಲಿ ನೋಡಿ.

ಹಳಗನ್ನಡದ ಪಾಠವಿದ್ದರೆ ಇನ್ನೊಂದು ಪರೀಕ್ಷೆ. "ಪೞಗನ್ನಡ" ಎಂದು ಟೈಪ್ ಮಾಡಿ. ೞ ಇರಬೇಕಾದ ಜಾಗದಲ್ಲಿ ಖಾಲಿ ಚೌಕ ಬಂದರೆ ಆ ಫಾಂಟು ಈ ಪಾಠಕ್ಕೆ ಆಗುವುದಿಲ್ಲ. ಱ ಅಕ್ಷರವನ್ನೂ ಹಾಗೇ ನೋಡಿ.

ಗಾತ್ರದ ವಿಷಯ. ಪದ್ಯದ ಸಾಲು 36 ಪಾಯಿಂಟ್, ಉಳಿದದ್ದು 32ಕ್ಕಿಂತ ಕಡಿಮೆ ಬೇಡ. ಇಂಗ್ಲಿಷಿಗೆ ಹೇಳುವ 24 ಪಾಯಿಂಟ್ ಲೆಕ್ಕ ಕನ್ನಡಕ್ಕೆ ಸಾಲದು, ಯಾಕೆಂದರೆ ನಮ್ಮ ಒತ್ತಕ್ಷರ, ಗುಣಿತದ ಕೊಂಬು, ದೀರ್ಘಗಳು ಆ ಗಾತ್ರದಲ್ಲಿ ಕಲಸಿಹೋಗುತ್ತವೆ. ಸಾಲುಗಳ ನಡುವಿನ ಅಂತರ 1.3ರಿಂದ 1.5. ಇಷ್ಟು ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಈ ಲೆಕ್ಕದಲ್ಲಿ ಒಂದು ಸ್ಲೈಡಿಗೆ ಆರು ಸಾಲು ಹಿಡಿಸುತ್ತದೆ. ಆರು ಸಾಲಿನ ಪದ್ಯವಾದ ಷಟ್ಪದಿಗೆ ಅಚ್ಚುಕಟ್ಟಾಯಿತು.

ಇಟಾಲಿಕ್ ಹಾಕಬೇಡಿ, ಕನ್ನಡಕ್ಕೆ ಆ ರೂಪವಿಲ್ಲ, ಅಕ್ಷರವನ್ನು ಸುಮ್ಮನೆ ವಾಲಿಸುತ್ತದೆ. ಪದದ ಅಡಿಗೆರೆಯೂ ಬೇಡ, ಗೆರೆ ಒತ್ತಕ್ಷರವನ್ನು ಕತ್ತರಿಸಿಕೊಂಡು ಹೋಗುತ್ತದೆ. ಪದವನ್ನು ಎತ್ತಿ ತೋರಿಸಬೇಕಾದರೆ ಹಿಂದೆ ತೆಳು ಹಳದಿ ಚೌಕ ಇಡಿ. ಕೆಂಪು ಅಕ್ಷರ, ಹಸಿರು ಅಕ್ಷರ ಎಂದು ಭೇದ ಮಾಡಿದರೆ ಆ ಎರಡು ಬಣ್ಣದ ವ್ಯತ್ಯಾಸ ಕಾಣದ ಮಕ್ಕಳು ಪ್ರತಿ ಶಾಲೆಯಲ್ಲೂ ಇರಬಹುದು, ಅವರು ಹೇಳಿಕೊಳ್ಳುವುದಿಲ್ಲ. ಕೆನೆ ಬಣ್ಣದ ಹಿನ್ನೆಲೆ, ಕಪ್ಪು ಅಕ್ಷರ ಎಲ್ಲ ಬೆಳಕಿಗೂ ಹೊಂದುತ್ತದೆ.

ಕೆಳಗಿನ ಐದನೇ ಒಂದು ಭಾಗವನ್ನು ಖಾಲಿ ಬಿಡಿ. ಅಲ್ಲಿ ಬರೆದದ್ದನ್ನು ಮುಂದಿನ ಬೆಂಚಿನವರ ತಲೆ ಮರೆಮಾಡುತ್ತದೆ.

4. ಪದ್ಯವನ್ನು ಪರದೆಗೆ ತನ್ನಿ

ಮೊದಲ ಸ್ಲೈಡ್ ಪೂರ್ತಿ ಕಪ್ಪು. ಪ್ರೊಜೆಕ್ಟರ್ ಚಾಲೂ ಇರಲಿ, ಪರದೆಯಲ್ಲಿ ಏನೂ ಬೇಡ. ನೀವು ಪದ್ಯ ಓದಿ, ಅಥವಾ ಹಾಡಿ. ಮಕ್ಕಳು ಕಿವಿಗೆ ಬಿದ್ದ ಒಂದು ಪದವನ್ನೋ ಚಿತ್ರವನ್ನೋ ಹೇಳಲಿ. ಎರಡನೆಯ ಸ್ಲೈಡಿನಲ್ಲಿ ಪದ್ಯ ಮಾತ್ರ: ಶೀರ್ಷಿಕೆ, ಅಂಚಿನ ಹೂಬಳ್ಳಿ, ಶಾಲೆಯ ಲಾಂಛನ ಯಾವುದೂ ಬೇಡ. ಪಠ್ಯಪುಸ್ತಕದಲ್ಲಿ ಸಾಲು ಎಲ್ಲಿ ಮುರಿದಿದೆಯೋ ಇಲ್ಲೂ ಅಲ್ಲೇ ಮುರಿಯಬೇಕು. ಅಗಲ ಸಾಲದೆ ಸಾಲು ತಾನಾಗಿ ಮುರಿದರೆ ಪ್ರಾಸದ ಜಾಗ ತಪ್ಪುತ್ತದೆ. ಅಂಥ ಕಡೆ ಪದ್ಯವನ್ನು ಎರಡು ಸ್ಲೈಡಿಗೆ ಹಂಚಿ.

ಆಮೇಲಿನ ಸ್ಲೈಡುಗಳಲ್ಲಿ ಪದ್ಯವನ್ನು ಇದ್ದ ಜಾಗದಲ್ಲೇ ಇಟ್ಟು ಒಂದೊಂದೇ ಗುರುತು ಸೇರಿಸುತ್ತಾ ಹೋಗಿ. ಇದಕ್ಕೆ ಅನಿಮೇಷನ್ ಬೇಡ. ಸ್ಲೈಡನ್ನೇ ನಕಲು ಮಾಡಿ, ನಕಲಿನಲ್ಲಿ ಒಂದು ಬದಲಾವಣೆ ಮಾಡಿ. ಎಂಟು ಹೆಜ್ಜೆ ಹೀಗೆ ಹದಿನಾಲ್ಕು ಪುಟವಾದರೂ ಆಗಲಿ. ಲಾಭ ಏನೆಂದರೆ ಪಿಡಿಎಫ್ ಮಾಡಿದರೂ, ಮೊಬೈಲಿನಲ್ಲಿ ತೆರೆದರೂ ಹೆಜ್ಜೆಗಳು ಹಾಗೇ ಉಳಿಯುತ್ತವೆ. ಅಕ್ಷರ ಒಂದೊಂದಾಗಿ ಹಾರಿ ಬರುವ ಅನಿಮೇಷನ್ನಂತೂ ಕನ್ನಡಕ್ಕೆ ಹೇಳಿಸಿದ್ದಲ್ಲ, ಒತ್ತಕ್ಷರ ಒಡೆದು ಕಾಣುವ ಅಪಾಯವಿದೆ.

ಹಳಗನ್ನಡ, ನಡುಗನ್ನಡದ ಸಾಲಿಗೆ ಮೂರು ಪದರ ಇರಲಿ: ಮೂಲ, ಬಿಡಿಸಿದ ರೂಪ, ಈಗಿನ ಮಾತು. "ಪಾಲ್ಗಡಲ್" ಎಂದು ಬಂದರೆ ಮೊದಲ ಪುಟದಲ್ಲಿ ಅಷ್ಟೇ. ಎರಡನೆಯದರಲ್ಲಿ ಕೆಳಗೆ "ಪಾಲ್ + ಕಡಲ್". ಇಲ್ಲಿ ನಿಲ್ಲಿಸಿ. ಪಕಾರ ಹಕಾರವಾದದ್ದನ್ನು ಮಕ್ಕಳೇ ಹಿಡಿಯಲಿ, ಕಕಾರ ಗಕಾರವಾದ ಆದೇಶ ಸಂಧಿಯನ್ನು ಅವರೇ ಹೇಳಲಿ. "ಹಾಲಿನ ಕಡಲು" ಮೂರನೆಯ ಪುಟದಲ್ಲಿ ಬರಲಿ. ಹನ್ನೆರಡು ಕಠಿಣ ಪದಗಳ ಅರ್ಥವನ್ನು ಒಂದೇ ಸ್ಲೈಡಿನಲ್ಲಿ ಪಟ್ಟಿ ಹಾಕುವುದು ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ಪದ ಸಾಲಿನಿಂದ ಕಿತ್ತು ಬಂದ ಕೂಡಲೇ ಬಾಯಿಪಾಠದ ಸಾಮಾನಾಗುತ್ತದೆ.

5. ಛಂದಸ್ಸಿಗೆ ಟೇಬಲ್ ಹಾಕಿ

ಪ್ರಸ್ತಾರ ಹಾಕುವುದು, ಅಂದರೆ ಅಕ್ಷರಗಳ ಮೇಲೆ ಲಘು–ಗುರು ಗುರುತಿಡುವುದು, ಸ್ಲೈಡಿನಲ್ಲಿ ಅತಿ ಹೆಚ್ಚು ಕೆಡುವ ಭಾಗ. ಸ್ಪೇಸ್ ಒತ್ತಿ ಒತ್ತಿ ಗುರುತನ್ನು ಅಕ್ಷರದ ನೆತ್ತಿಗೆ ಹೊಂದಿಸಿರುತ್ತೀರಿ. ಶಾಲೆಯ ಕಂಪ್ಯೂಟರಿನಲ್ಲಿ ಫಾಂಟು ಕೂದಲೆಳೆಯಷ್ಟು ಬದಲಾದರೂ ಎಲ್ಲ ಗುರುತೂ ಪಕ್ಕಕ್ಕೆ ಸರಿದು ಲೆಕ್ಕವೇ ತಪ್ಪಾಗಿ ಕಾಣುತ್ತದೆ. ಪರಿಹಾರ: ಎರಡು ಅಡ್ಡಸಾಲಿನ ಟೇಬಲ್. ಮೇಲಿನ ಸಾಲಿನಲ್ಲಿ ಗುರುತು, ಕೆಳಗೆ ಅಕ್ಷರ, ಒಂದು ಕೋಣೆಗೆ ಒಂದೇ ಅಕ್ಷರ.

ಭಾಮಿನಿ ಷಟ್ಪದಿಯ ಅಭ್ಯಾಸಕ್ಕೆ ಈ ಮೂರು ಸಾಲು ಬಳಸಿ. ಈ ಲೇಖನಕ್ಕೆಂದೇ ಕಟ್ಟಿದ್ದು:

ಮಳೆಯು | ಸುರಿಯಿತು | ಮಲೆಯ | ಸಾಲಲಿ
ಹೊಳೆಯು | ತುಂಬಿತು | ಕೆಂಪು | ನೀರಲಿ
ಬೆಳೆದ | ಗದ್ದೆಯ | ಬದುವ | ದಾಟುತ | ಬಯಲ | ಸೇರಿತ | ದೋ

ಭಾಮಿನಿಯಲ್ಲಿ 1, 2, 4, 5ನೆಯ ಸಾಲುಗಳಿಗೆ ಮೂರು–ನಾಲ್ಕು–ಮೂರು–ನಾಲ್ಕು ಮಾತ್ರೆಯ ಗಣಗಳು, ಒಟ್ಟು 14. ಮೂರು ಮತ್ತು ಆರನೆಯ ಸಾಲಿಗೆ ಅದರ ಒಂದೂವರೆ ಪಟ್ಟು, ಮೇಲೊಂದು ಗುರು, ಒಟ್ಟು 23. ಇಡೀ ಪದ್ಯಕ್ಕೆ 102 ಮಾತ್ರೆ. ಮಾತ್ರೆ ಎಂದರೆ ಉಚ್ಚರಿಸಲು ಹಿಡಿಯುವ ಕಾಲದ ಅಳತೆ. ಲಘುವಿಗೆ ಒಂದು, ಗುರುವಿಗೆ ಎರಡು.

ಮೊದಲ ಸಾಲಿಗೆ 13 ಕೋಣೆ ಬೇಕು. "ಸಾ" ಒಂದೇ ಗುರು, ಉಳಿದ ಹನ್ನೆರಡು ಲಘು. ಎರಡನೆಯದಕ್ಕೆ 11 ಕೋಣೆ: ತುಂ, ಕೆಂ, ನೀ ಗುರು. ಮಕ್ಕಳು ಸೊನ್ನೆಯನ್ನು ಪ್ರತ್ಯೇಕ ಅಕ್ಷರವೆಂದು ಎಣಿಸುವುದು ಇಲ್ಲೇ. "ತುಂ" ಒಂದೇ ಕೋಣೆಯಲ್ಲಿ ಕೂತದ್ದನ್ನು ನೋಡಿದಾಗ ಆ ಗೊಂದಲ ಹೋಗುತ್ತದೆ. ಮೂರನೆಯ ಸಾಲು 19 ಕೋಣೆ. ಇಲ್ಲಿ "ಗದ್ದೆಯ" ನೋಡಿ. ದ್ದೆ ಲಘು, ಅದರ ಹಿಂದಿನ ಗ ಗುರು. ಒತ್ತು ಇರುವ ಅಕ್ಷರಕ್ಕೇ ಗುರು ಹಾಕುವುದು ಹತ್ತನೆಯ ತರಗತಿಯಲ್ಲೂ ಉಳಿದುಬರುವ ತಪ್ಪು. ಟೇಬಲಿನಲ್ಲಿ ಆ ಎರಡು ಕೋಣೆಗೆ ಹಳದಿ ಬಣ್ಣ ಹಾಕಿ, ಗುರುತಿನ ಜಾಗ ಖಾಲಿ ಬಿಟ್ಟು ಕೇಳಿ.

19 ಕೋಣೆ ಹಾಕಿದಾಗ ಅಕ್ಷರ ಕೋಣೆಯೊಳಗೆ ಹಿಡಿಸದೆ ಕೆಳಗೆ ಬೀಳುತ್ತದೆ. ಪವರ್‌ಪಾಯಿಂಟ್ ಪ್ರತಿ ಕೋಣೆಯ ಎಡ ಬಲಕ್ಕೆ 0.1 ಇಂಚು ಅಂಚು ಬಿಡುವುದೇ ಇದಕ್ಕೆ ಕಾರಣ. ಟೇಬಲಿನ ಲೇಔಟಿಗೆ ಹೋಗಿ ಸೆಲ್ ಮಾರ್ಜಿನ್ ಸೊನ್ನೆ ಮಾಡಿದರೆ 32 ಪಾಯಿಂಟಿನ ಅಕ್ಷರ ನೆಟ್ಟಗೆ ಕೂರುತ್ತದೆ. ಗಣ ಮುಗಿದ ಕಡೆ ಮಾತ್ರ ದಪ್ಪ ಲಂಬ ಗೆರೆ ಉಳಿಸಿ, ಉಳಿದ ಗೆರೆಗಳನ್ನು ಅಳಿಸಿ. ಮೂರು ಸಾಲಿನಲ್ಲೂ ಎರಡನೆಯ ಅಕ್ಷರ ಳೆ. ಆ ಮೂರು ಕೋಣೆ ಒಂದರ ಕೆಳಗೊಂದು ಬರುವಂತೆ ಟೇಬಲುಗಳನ್ನು ಎಡಕ್ಕೆ ಹೊಂದಿಸಿದರೆ ಆದಿಪ್ರಾಸವನ್ನು ನೀವು ಹೇಳಬೇಕಾಗಿಯೇ ಇಲ್ಲ.

6. ಚಿತ್ರವನ್ನು ತಡವಾಗಿ ತೋರಿಸಿ

ಪದ್ಯದಲ್ಲಿ ಮಳೆ ಬಂದ ಕೂಡಲೇ ಮಳೆಯ ಫೋಟೊ ಹಾಕಬೇಡಿ. ಜಡಿಮಳೆ, ಸೋನೆಮಳೆ, ಆಗುಂಬೆಯ ಮಂಜು ಇವೆಲ್ಲ ನಮ್ಮ ಮಕ್ಕಳು ನೋಡುತ್ತಾ ಬೆಳೆದವು. ಅವರ ಕಣ್ಣಲ್ಲಿರುವ ಚಿತ್ರ ನಿಮ್ಮ ಡೌನ್‌ಲೋಡ್ ಚಿತ್ರಕ್ಕಿಂತ ದೊಡ್ಡದು. ಮೊದಲು ಅವರು ವರ್ಣಿಸಲಿ. ಅವರು ಕಾಣದ ವಸ್ತು ಇದ್ದಾಗ ಮಾತ್ರ ಚಿತ್ರ ಬೇಕು: ತಾಳೆಗರಿ, ಶಾಸನ, ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯ.

ಹೂವು, ಮರ, ಹಕ್ಕಿಯ ಹೆಸರು ಹುಡುಕಿ ಮೊದಲು ಸಿಕ್ಕ ಚಿತ್ರ ಹಾಕುವುದು ಅಪಾಯ. ಸಂಪಿಗೆ ಎಂದು ಹುಡುಕಿದರೆ ಇನ್ನಾವುದೋ ದೇಶದ ತೋಟದ ಹೂ ಬರಬಹುದು. ಊರಿನ ಹೂವನ್ನು ನೀವೇ ಫೋಟೊ ತೆಗೆಯಿರಿ, ಅದಕ್ಕಿಂತ ಒಳ್ಳೆಯದು ಮಕ್ಕಳೇ ಹೂ ತರುವುದು.

ಪಾಠ ಮಾಡುವಾಗ ಶಿಕ್ಷಕರು ಕೃತಿಯ ಭಾಗವನ್ನು ತೋರಿಸಲು 1957ರ ಕೃತಿಸ್ವಾಮ್ಯ ಕಾಯ್ದೆ ಅವಕಾಶ ಕೊಡುತ್ತದೆ. ಅದೇ ಸ್ಲೈಡನ್ನು ಯೂಟ್ಯೂಬಿಗೆ ಏರಿಸುವುದು ಬೇರೆ ಮಾತು. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಅವರ ವಾರಸುದಾರರಲ್ಲಿ ಇರುತ್ತದೆ.

7. ಧ್ವನಿ

ಶಿವಮೊಗ್ಗದ ಪಕ್ಕದಲ್ಲೇ, ತುಂಗೆಯ ದಡದಲ್ಲಿ, ಗಮಕಕ್ಕೆ ಹೆಸರಾದ ಹೊಸಹಳ್ಳಿ ಇದೆ. ಕಾವ್ಯವನ್ನು ರಾಗದಲ್ಲಿ ಓದಿ ಹೇಳುವ ಈ ಕಲೆ ಗೊತ್ತಿರುವವರು ನಿಮ್ಮೂರಿನಲ್ಲೂ ಸಿಗಬಹುದು. ಅವರ ಅನುಮತಿ ಕೇಳಿ ಒಂದೇ ಪದ್ಯ, ಒಂದು ನಿಮಿಷದಿಂದ ಒಂದೂವರೆ ನಿಮಿಷದಷ್ಟು ರೆಕಾರ್ಡ್ ಮಾಡಿ. ಮೊಬೈಲನ್ನು ಫ್ಯಾನಿನಿಂದ ದೂರ, ಬಾಯಿಯಿಂದ ಒಂದಡಿಯಲ್ಲಿ ಇಡಿ. ಧ್ವನಿಯ ಕಡತವನ್ನು ಮೊದಲು ಸ್ಲೈಡಿನ ಫೋಲ್ಡರಿಗೆ ಹಾಕಿ, ಆಮೇಲೆ ಸ್ಲೈಡಿಗೆ ಸೇರಿಸಿ. ಫೋಲ್ಡರನ್ನೇ ಪೂರ್ತಿ ಪೆನ್‌ಡ್ರೈವಿಗೆ ನಕಲು ಮಾಡಿ.

ಹೆಂಚು ಅಥವಾ ತಗಡಿನ ಮಾಡಿನ ಕೋಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧ್ವನಿಯನ್ನೇ ನಂಬಿ ಪಾಠ ಇಟ್ಟುಕೊಳ್ಳಬೇಡಿ. ಮಳೆ ಜೋರಾದರೆ ಸ್ಪೀಕರ್ ಕೇಳಿಸುವುದಿಲ್ಲ. ಸ್ಪೀಕರನ್ನು ಮೇಜಿನ ಮೇಲಿಡದೆ ತರಗತಿಯ ನಡುವೆ ಇಟ್ಟರೆ ಸ್ವಲ್ಪ ವಾಸಿ.

8. ಹಿಂದಿನ ದಿನದ ಕೆಲಸ

ಮೂಲ ಕಡತ, ಅದರದೇ ಪಿಡಿಎಫ್, ಎರಡನ್ನೂ ಎರಡು ಪೆನ್‌ಡ್ರೈವಿನಲ್ಲಿ ಇಡಿ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅಕ್ಷರ ಮಸುಕಾಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಎಂದು ಕಳಿಸಿ. ಪ್ರೊಜೆಕ್ಟರ್ ಓರೆಯಾಗಿದ್ದರೆ ಚಿತ್ರ ಮೇಲೆ ಅಗಲ, ಕೆಳಗೆ ಕಿರಿದಾಗುತ್ತದೆ. ಕೀಸ್ಟೋನ್ ಎಂಬ ಗುಂಡಿ ಅದನ್ನು ನೇರ ಮಾಡುತ್ತದೆ, ಆದರೆ ಅಂಚಿನ ಅಕ್ಷರ ಸ್ವಲ್ಪ ಮಬ್ಬಾಗುತ್ತದೆ. ಪ್ರೊಜೆಕ್ಟರನ್ನೇ ನೇರ ಇಡುವುದು ಉತ್ತಮ.

ಕರೆಂಟ್ ಹೋದರೆ ಎಂಬುದಕ್ಕೆ ಉತ್ತರ ಮೊದಲೇ ಇರಲಿ. ಪದ್ಯದ ಸ್ಲೈಡ್, ಪ್ರಸ್ತಾರದ ಟೇಬಲ್, ಮಾತುಕತೆಯ ಪ್ರಶ್ನೆ, ಈ ಮೂರನ್ನು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಕಪ್ಪುಹಲಗೆಯ ಮೇಲೆ ಎರಡು ನಿಮಿಷದಲ್ಲಿ ಪಾಠ ಮುಂದುವರಿಯುತ್ತದೆ.

9. ತರಗತಿಯಲ್ಲಿ

ಪರದೆಗೆ ಬೆನ್ನು ಹಾಕಿ, ಮಕ್ಕಳಿಗೆ ಮುಖ ಮಾಡಿ ನಿಲ್ಲಿ. ಸ್ಲೈಡ್ ಬದಲಾದ ಮೇಲೆ ಅವರು ಓದಿ ಮುಗಿಸುವವರೆಗೆ ಮಾತಾಡಬೇಡಿ. ಕಣ್ಣು ಒಂದನ್ನು ಓದುವಾಗ ಕಿವಿಗೆ ಇನ್ನೊಂದನ್ನು ಹೇಳಿದರೆ ಎರಡೂ ಹೋಯಿತು. ಮಾತುಕತೆ ಕಾವೇರಿದಾಗ ಕೀಲಿಮಣೆಯ ಬಿ ಒತ್ತಿ. ಪರದೆ ಕಪ್ಪಾಗುತ್ತದೆ, ಮಕ್ಕಳು ಪರಸ್ಪರ ನೋಡುತ್ತಾರೆ. ಮತ್ತೆ ಬಿ ಒತ್ತಿದರೆ ಅದೇ ಸ್ಲೈಡ್. ಪದ್ಯಕ್ಕೆ ಮರಳಬೇಕಾದರೆ ಹಿಂದೆ ಹಿಂದೆ ಓಡಬೇಡಿ, ಸ್ಲೈಡಿನ ಸಂಖ್ಯೆ ಒತ್ತಿ ಎಂಟರ್ ಹೊಡೆಯಿರಿ. ಪಿಡಿಎಫ್ ಬಳಸುವಾಗ ಈ ಅನುಕೂಲ ಸಿಗದೆ ಹೋಗಬಹುದು, ಅದಕ್ಕೆ ನಡುವೆ ಒಂದು ಕಪ್ಪು ಪುಟ ಸೇರಿಸಿಡಿ.

ಬರೆದುಕೊಳ್ಳುವ ನಾಲ್ಕು ನಿಮಿಷದಲ್ಲಿ ಪರದೆಯಲ್ಲಿ ಇರಬೇಕಾದದ್ದು ಸಾರಾಂಶವಲ್ಲ, ಪದ್ಯ. ಮಕ್ಕಳು ಅದನ್ನು ನೋಡಿಕೊಂಡು ತಮ್ಮ ಮಾತಿನಲ್ಲಿ ಮೂರು ವಾಕ್ಯ ಬರೆಯಲಿ.

ಗಂಟೆ ಹೊಡೆದ ಕೂಡಲೇ ಪ್ರೊಜೆಕ್ಟರಿನ ವೈರು ಕಿತ್ತುಬಿಡಬೇಡಿ. ಲ್ಯಾಂಪ್ ಇರುವ ಪ್ರೊಜೆಕ್ಟರಿಗೆ ಆಫ್ ಮಾಡಿದ ಮೇಲೂ ಫ್ಯಾನ್ ತಿರುಗಿ ತಣಿಯಬೇಕು. ಫ್ಯಾನ್ ನಿಂತ ಮೇಲೆ ಸ್ವಿಚ್ಚು. ಹಠಾತ್ತಾಗಿ ಕರೆಂಟ್ ಹೋಗುವ ಊರಿನಲ್ಲಿ ಸಣ್ಣ ಯುಪಿಎಸ್ ಇದ್ದರೆ ಲ್ಯಾಂಪಿನ ಆಯುಸ್ಸು ಉಳಿಯುತ್ತದೆ. ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ಗನ್ನೇ ತೆಗೆದಿಡಿ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುವುದುಂಟು, ಆದ್ದರಿಂದ ಪೂರ್ತಿ ತಣಿದ ಮೇಲೆ ಪ್ರೊಜೆಕ್ಟರನ್ನು ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಇಟ್ಟು, ವಾರಕ್ಕೊಮ್ಮೆಯಾದರೂ ಹೊರತೆಗೆದು ಅರ್ಧ ಗಂಟೆ ಹಚ್ಚಿ.